ಗೊಟ್ಟ ಕೆಳಗಿಡಿ, ಫೋನ್ ಎತ್ತಿ

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಸ್ನಾಯು ಅಷ್ಟು ಬಿಗಿಯಾಗಿರುತ್ತದೆ. ಒಳಗೆ ಹೋದದ್ದು ಮುಂದಕ್ಕೆ ಸಾಗಬೇಕು, ಇಲ್ಲದಿದ್ದರೆ ಅಲ್ಲೇ ಕೂತು ಉಬ್ಬಬೇಕು. ಅಷ್ಟು ದೊಡ್ಡ ಪ್ರಾಣಿಗೆ ಜಠರ ಮಾತ್ರ ಚಿಕ್ಕದು, 8ರಿಂದ 15 ಲೀಟರ್ ಅಷ್ಟೇ. ಹಸುವಿನ ದೊಡ್ಡ ಹೊಟ್ಟೆ ಒಂದೇ 100 ಲೀಟರ್ ದಾಟುತ್ತದೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ತುಮಕೂರು ಕಡೆ ದನ ಗೊತ್ತಿಲ್ಲದ ಮನೆ ಕಡಿಮೆ. ಹಸು ಹೊಟ್ಟೆ ಉಬ್ಬರಿಸಿಕೊಂಡರೆ, ಮೇವು ಬಿಟ್ಟರೆ, ಕರು ಹಾಕಲು ಕಷ್ಟಪಟ್ಟರೆ ಏನು ಮಾಡಬೇಕು ಅಂತ ಅಜ್ಜಿಯಂದಿರ ಕಾಲದಿಂದ ಬಂದ ತಿಳಿವಳಿಕೆ ಇದೆ. ಅದರಲ್ಲಿ ಬಹಳಷ್ಟು ಕೆಲಸಕ್ಕೆ ಬರುವಂಥದ್ದೇ. ಆದರೆ ಅದನ್ನೇ ಎತ್ತಿಕೊಂಡು ಹೋಗಿ ಕುದುರೆಗೆ ಮಾಡಿದರೆ ಕುದುರೆ ಸಾಯಬಹುದು. ಎರಡೂ ನಾಲ್ಕು ಕಾಲಿನ ಪ್ರಾಣಿ, ಎರಡೂ ಹುಲ್ಲು ತಿನ್ನುತ್ತವೆ, ನಿಜ. ಒಳಗಿನ ಲೆಕ್ಕವೇ ಬೇರೆ.

ನಾನು ಪಶುವೈದ್ಯನಲ್ಲ. ನಮ್ಮ ಸೋದರಮಾವ ಜಟಕಾ ಓಡಿಸುತ್ತಿದ್ದರು. ರೈಲ್ವೆ ಸ್ಟೇಷನ್ನಿಂದ ಮಂಡಿಪೇಟೆಗೆ, ಮಂಡಿಪೇಟೆಯಿಂದ ಗುಬ್ಬಿ ಗೇಟಿಗೆ. ಹುರುಳಿ ಬೇಯುವ ವಾಸನೆ, ಲಾಯದ ವಾಸನೆ ಚಿಕ್ಕಂದಿನಿಂದ ಮೂಗಿನಲ್ಲಿದೆ. ಆಟೋ ಬಂತು, ಜಟಕಾ ಹೋಯಿತು. ಕುದುರೆ ಪೂರ್ತಿ ಹೋಗಲಿಲ್ಲ. ಮದುವೆ ಮೆರವಣಿಗೆ, ದೇವರ ಉತ್ಸವ, ಸಾರೋಟು, ಊರಾಚೆಯ ತೋಟದಲ್ಲಿ ಶೋಕಿಗೆ ಸಾಕಿದ್ದು, ಹೀಗೆ ಅಲ್ಲೊಂದು ಇಲ್ಲೊಂದು ಉಳಿದಿವೆ. 2019ರ ಜಾನುವಾರು ಗಣತಿಯ ಪ್ರಕಾರ ಇಡೀ ದೇಶದಲ್ಲಿ ಉಳಿದ ಕುದುರೆಗಳು ಸುಮಾರು 3.4 ಲಕ್ಷ. ಅದರ ಹಿಂದಿನ, 2012ರ ಗಣತಿಯಲ್ಲಿ ಆರು ಲಕ್ಷದ ಮೇಲಿತ್ತು. ಏಳು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಕರಗಿದೆ.

ಸಂಖ್ಯೆ ಇಳಿದರೆ ಇನ್ನೊಂದು ನಷ್ಟವೂ ಜೊತೆಗೇ ಆಗುತ್ತದೆ. ಕುದುರೆ ಗೊತ್ತಿರುವ ಕೈಗಳು ಕಡಿಮೆಯಾಗುತ್ತವೆ. ಲಾಳ ಕಟ್ಟುವವರು ಸಿಗುವುದಿಲ್ಲ. ತಾಲ್ಲೂಕಿನ ಪಶುವೈದ್ಯರು ದಿನವಿಡೀ ಹಸು, ಎಮ್ಮೆ, ಕುರಿ ನೋಡುತ್ತಾರೆ. ಕುದುರೆ ಅವರ ಕೈಗೆ ಬರುವುದು ಅಪರೂಪ. ಕಾಲೇಜಿನಲ್ಲಿ ಓದಿದ್ದು ನೆನಪಿರುತ್ತದೆ, ಕೈಗೆ ರೂಢಿ ಇರುವುದಿಲ್ಲ. ಇದರಲ್ಲಿ ಅವರ ತಪ್ಪೇನಿದೆ ಹೇಳಿ?

ಕ್ಯಾತ್ಸಂದ್ರದ ಕಡೆಯ ಒಂದು ಛತ್ರದ ಹಿಂಭಾಗದಲ್ಲಿ ನಾನು ಕಂಡ ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಮೆರವಣಿಗೆ ಮುಗಿದಿತ್ತು. ಬಿಳಿ ಹೆಣ್ಣು ಕುದುರೆ. ಮೈಮೇಲಿನ ಜರಿ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. ಸಂಜೆ ಯಾರೋ ಪ್ರೀತಿಯಿಂದಲೇ ಒಂದು ಬಕೆಟ್ ಅನ್ನ, ಪಲಾವ್ ತಂದು ಇಟ್ಟಿದ್ದಾರೆ. ಹಸಿದಿದ್ದ ಕುದುರೆ ಪೂರ್ತಿ ತಿಂದಿದೆ. ನಾನು ನೋಡುವ ಹೊತ್ತಿಗೆ ಅದು ಮತ್ತೆ ಮತ್ತೆ ತಲೆ ತಿರುಗಿಸಿ ತನ್ನ ಪಕ್ಕೆ ನೋಡಿಕೊಳ್ಳುತ್ತಿತ್ತು. ಮುಂಗಾಲಿನಿಂದ ನೆಲ ಕೆರೆಯಿತು. ಮೇಲ್ದುಟಿ ಸುರುಳಿ ಮಾಡಿ ಹಲ್ಲು ತೋರಿಸಿತು. ಅಲ್ಲಿದ್ದ ಹುಡುಗರು ನಗುತ್ತಿದೆ ಅಂತ ಫೋಟೋ ತೆಗೆದರು. ನಗು ಅಲ್ಲ ಅದು, ನೋವು. ಆಮೇಲೆ ಕುಸಿದು ಮಲಗಿತು, ಹೊರಳಿತು, ಎದ್ದಿತು, ಮತ್ತೆ ಮಲಗಿತು. ಕುತ್ತಿಗೆ ತುಂಬಾ ಬೆವರು.

ಅಷ್ಟರಲ್ಲಿ ಪಕ್ಕದ ಮನೆಯಿಂದ ಗೊಟ್ಟ ಬಂತು, ದನಗಳ ಬಾಯಿಗೆ ಔಷಧಿ ಸುರಿಯುವ ಬಿದಿರಿನ ಕೊಳವೆ. ಎಣ್ಣೆ, ಓಮ, ಮೆಣಸು ಎಲ್ಲ ಕಲಸಿ ತಯಾರು. ಇಬ್ಬರು ತಲೆ ಎತ್ತಿ ಹಿಡಿಯಲು ನಿಂತರು. ಸಾಕಿದವರು ಅದೇ ಹೊತ್ತಿಗೆ ಪರಿಚಯದ ಡಾಕ್ಟರಿಗೆ ಫೋನ್ ಹಚ್ಚಿದ್ದರು. ಸ್ಪೀಕರ್‌ನಲ್ಲಿ ಅವರ ಮೊದಲ ಮಾತೇ, "ಮೊದಲು ಗೊಟ್ಟ ಕೆಳಗಿಡಿ. ಬಾಯಿಗೆ ಏನೂ ಹಾಕಬೇಡಿ. ನಾನು ಬರ್ತಿದ್ದೀನಿ."

ಆ ಒಂದು ಮಾತಿನಿಂದ ಕುದುರೆ ಉಳಿಯಿತು ಅಂತ ನನಗೆ ಈಗಲೂ ಅನಿಸುತ್ತದೆ. ನೋವಿನಲ್ಲಿ ಒದ್ದಾಡುವ ಕುದುರೆಯ ತಲೆ ಎತ್ತಿ ಗೊಟ್ಟದಲ್ಲಿ ಎಣ್ಣೆ ಸುರಿದರೆ ಅದು ಗಾಳಿಕೊಳವೆಗೆ ಇಳಿಯಬಹುದು. ಎಣ್ಣೆ ನುಣುಪು, ಕೆಮ್ಮು ಕೂಡ ಬರಿಸದೆ ಶ್ವಾಸಕೋಶ ಸೇರಿಬಿಡುತ್ತದೆ. ಹೊಟ್ಟೆನೋವು ವಾಸಿಯಾದರೂ ಆಮೇಲೆ ನ್ಯುಮೋನಿಯಾದಲ್ಲಿ ಪ್ರಾಣಿ ಹೋಗುತ್ತದೆ. ಇನ್ನೊಂದು ವಿಷಯ, ಆಗಲೇ ತುಂಬಿ ಬಿರಿಯುವಂತಿರುವ ಜಠರಕ್ಕೆ ಇನ್ನಷ್ಟು ಸುರಿದರೆ ಅದು ನಿಜವಾಗಿಯೇ ಒಡೆಯಬಹುದು. ವಾಂತಿ ಬರುವುದಿಲ್ಲವಲ್ಲ.

ಡಾಕ್ಟರು ಬಂದು ಮೊದಲು ಇಂಜೆಕ್ಷನ್ ತೆಗೆಯಲಿಲ್ಲ. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿದರು. ತುಟಿ ಎತ್ತಿ ಒಸಡು ಒತ್ತಿ ಬಿಟ್ಟು, ಬಣ್ಣ ಎಷ್ಟು ಬೇಗ ವಾಪಸ್ ಬರುತ್ತದೆ ನೋಡಿದರು. ಎರಡೂ ಪಕ್ಕೆಗೆ, ಮೇಲೆ ಕೆಳಗೆ, ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಆಮೇಲೆ ಚೀಲದಿಂದ ಒಂದು ಉದ್ದನೆಯ ಮೆತ್ತನೆ ನಳಿಕೆ ತೆಗೆದರು. ಮೂರು ಮೀಟರ್ ಹತ್ತಿರ ಇರಬಹುದು. ತುದಿಗೆ ಜಾರುವ ಮುಲಾಮು ಹಚ್ಚಿ, ಮೂಗಿನ ಹೊಳ್ಳೆಯ ಒಳಗೆ, ಕೆಳಭಾಗದಲ್ಲಿ, ನಿಧಾನಕ್ಕೆ ತಳ್ಳಿದರು. ಗಂಟಲ ಹತ್ತಿರ ನಿಲ್ಲಿಸಿ ಕಾದರು. ಕುದುರೆ ಒಮ್ಮೆ ನುಂಗಿತು, ಆ ಕ್ಷಣಕ್ಕೆ ಸರಿಯಾಗಿ ಮುಂದಕ್ಕೆ ಬಿಟ್ಟರು. ಕುತ್ತಿಗೆಯ ಎಡಗಡೆ ಚರ್ಮದ ಕೆಳಗೆ ನಳಿಕೆ ಇಳಿಯುವುದು ಟಾರ್ಚ್ ಬೆಳಕಿನಲ್ಲಿ ನಮಗೆಲ್ಲ ಕಂಡಿತು. ಹಾಗೆ ಕಂಡರೆ ಅದು ಅನ್ನನಾಳದಲ್ಲಿದೆ, ಗಾಳಿಕೊಳವೆಯಲ್ಲಿ ಇಲ್ಲ ಅಂತ ಅರ್ಥ ಎಂದು ಕೆಲಸ ಮಾಡುತ್ತಲೇ ಹೇಳಿದರು. ಕೊನೆಗೆ ಬುಸ್ಸೆಂದು ಗಾಳಿ, ಅದರ ಹಿಂದೆಯೇ ಹುಳಿ ವಾಸನೆಯ ನೀರು, ಅನ್ನದ ಅಗುಳು. ಬಕೆಟ್‌ನ ತಳ ತುಂಬಿತು. ಕುದುರೆಯ ಕಣ್ಣು ಸ್ವಲ್ಪ ಹೊತ್ತಿನಲ್ಲೇ ಬದಲಾಯಿತು. ಬೆಳಿಗ್ಗೆ ಲದ್ದಿ ಹಾಕಿತು ಅಂತ ಫೋನ್ ಬಂದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿ.

ಅದೃಷ್ಟ ಅಂದರೆ ಆ ಡಾಕ್ಟರಿಗೆ ಕುದುರೆ ಗೊತ್ತಿತ್ತು. ಆ ನಳಿಕೆ ಅವರ ಚೀಲದಲ್ಲಿತ್ತು. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ರಾತ್ರಿ ಬೇರೆ ಥರ ಮುಗಿಯುತ್ತಿತ್ತು.

ಈಗ ಸರ್ಕಾರದ ಗಾಡಿಗಳ ವಿಷಯಕ್ಕೆ ಬರುತ್ತೇನೆ. ಪಶು ಸಂಜೀವಿನಿ ನೋಡಿದ್ದೀರಲ್ವಾ? 1962ಕ್ಕೆ ಫೋನ್ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾಲಯ. ಒಬ್ಬರು ವೈದ್ಯರು, ಒಬ್ಬರು ಸಹಾಯಕರು, ಒಬ್ಬರು ಡ್ರೈವರ್. ಕೇಂದ್ರದ ಯೋಜನೆಯ ಲೆಕ್ಕದಲ್ಲಿ ಒಂದು ಲಕ್ಷ ಜಾನುವಾರಿಗೆ ಒಂದು ಗಾಡಿ. ನನಗೆ ಈ ಯೋಜನೆಯ ಬಗ್ಗೆ ನಿಜವಾದ ಗೌರವ ಇದೆ. ಎದ್ದು ನಿಲ್ಲಲಾಗದ ಹಸುವನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗುವುದು ಎಂಥ ಕಷ್ಟ ಅಂತ ಪಾವಗಡ, ಮಧುಗಿರಿ ಕಡೆಯ ರೈತರನ್ನು ಕೇಳಿ. ಆಸ್ಪತ್ರೆಯೇ ಕೊಟ್ಟಿಗೆಗೆ ಬರುವುದು ದೊಡ್ಡ ವಿಷಯ.

ಆದರೆ ಲಕ್ಷಕ್ಕೊಂದು ಗಾಡಿ ಎನ್ನುವ ಲೆಕ್ಕ ದನ, ಕುರಿ, ಮೇಕೆ ನೋಡಿ ಹಾಕಿದ ಲೆಕ್ಕ. ಅದರಲ್ಲಿ ಕುದುರೆ ಸಾಸಿವೆಯಷ್ಟು. ಗಾಡಿಯಲ್ಲಿ ಏನಿರಬೇಕು, ವೈದ್ಯರಿಗೆ ಯಾವ ತರಬೇತಿ ಕೊಡಬೇಕು ಎನ್ನುವುದು ಕೂಡ ಸಹಜವಾಗಿ ದನದ ಸುತ್ತಲೇ ತಿರುಗುತ್ತದೆ. ನನ್ನ ಕೋರಿಕೆ ಸಣ್ಣದು. ಜಿಲ್ಲೆಗೆ ಒಂದು ಗಾಡಿಯಲ್ಲಾದರೂ ಕುದುರೆಗೆ ಹಾಕುವ ನಳಿಕೆ ಇರಲಿ. ಆ ಗಾಡಿಯ ವೈದ್ಯರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೋ, ಕುದುರೆ ಹೆಚ್ಚಿರುವ ಬೇರೆ ಕಡೆಯೋ ಕೆಲವು ವಾರ ಕೈ ಪಳಗಿಸಿಕೊಂಡು ಬರಲಿ. ಉಳಿದ ಗಾಡಿಗಳವರು ಅವರಿಗೆ ವಿಡಿಯೋ ಕಾಲ್ ಮಾಡುವಂತಿರಲಿ. ಹೊಸ ಗಾಡಿ ಬೇಡ, ಹೊಸ ಕಟ್ಟಡ ಬೇಡ.

ಪ್ರಾಣಿಗಳ ಆಂಬುಲೆನ್ಸ್ ಶುರುವಾಗಿದ್ದೇ ಕುದುರೆಯಿಂದ ಅಂತ ಗೊತ್ತಾದಾಗ ನನಗೆ ಆಶ್ಚರ್ಯ ಆಗಿತ್ತು. ನ್ಯೂಯಾರ್ಕ್‌ನಲ್ಲಿ 1867ರಲ್ಲಿ ಅಲ್ಲಿನ ಪ್ರಾಣಿದಯಾ ಸಂಘದವರು ಗಾಯಗೊಂಡ ಕುದುರೆಗಳನ್ನು ಸಾಗಿಸಲು ಗಾಡಿ ಇಟ್ಟರು. ಅದೇ ಊರಿನ ಬೆಲ್ವ್ಯೂ ಆಸ್ಪತ್ರೆ ಮನುಷ್ಯರಿಗೆ ಆಂಬುಲೆನ್ಸ್ ಶುರು ಮಾಡಿದ್ದು 1869ರಲ್ಲಿ. ಫ್ರಾನ್ಸಿನ ಲಿಯಾನ್‌ನಲ್ಲಿ 1761ರಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆ ಸ್ಥಾಪಿಸಿದ ಕ್ಲೋಡ್ ಬೂರ್ಜಲಾ ಕುದುರೆ ಸವಾರಿ ಕಲಿಸುತ್ತಿದ್ದವರು. ಎಲ್ಲಕ್ಕೂ ಮೊದಲು ಕುದುರೆಯೇ ಇತ್ತು. ಈಗ ಅದು ಸರದಿಯ ಕೊನೆಯಲ್ಲಿ ನಿಂತಿದೆ.

ನಮ್ಮ ಜಿಲ್ಲೆಯಲ್ಲೇ ಕುಣಿಗಲ್ ಇದೆಯಲ್ಲ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಜಾಗ, ಆಮೇಲೆ ರೇಸ್ ಕುದುರೆಗಳಿಗೆ ಹೆಸರಾಯಿತು. ಮೈಸೂರು ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆ ಮೇಲೆ ನುಗ್ಗಿದ್ದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕುದುರೆಯ ಬಗ್ಗೆ ಇಷ್ಟು ಹೆಮ್ಮೆ ಇರುವ ನಾಡಿನಲ್ಲಿ ಮದುವೆ ಕುದುರೆಗೆ ರಾತ್ರಿ ಹೊತ್ತು ಡಾಕ್ಟರ್ ಸಿಗುವುದು ಅದೃಷ್ಟದ ಮೇಲೆ ನಿಂತಿದೆ ಅಂದರೆ ನನಗೆ ಬೇಜಾರಾಗುತ್ತದೆ. ಬೆಲೆ ಬಾಳುವ ಕುದುರೆಗೆ ಫಾರ್ಮ್‌ನಲ್ಲೇ ವೈದ್ಯರಿರುತ್ತಾರೆ. ದಿನದ ದುಡಿಮೆಯ ಕುದುರೆಗೂ ಕರುಳು ಅಷ್ಟೇ ಉದ್ದ, ನೋವು ಅಷ್ಟೇ ದೊಡ್ಡದು.

ಗಾಡಿ ಎಷ್ಟೇ ಬೇಗ ಬಂದರೂ ಕೆಲವು ಸಲ ಗಡಿಯಾರ ಅದಕ್ಕಿಂತ ಮುಂದಿರುತ್ತದೆ. ಮರಿ ಹಾಕುವುದನ್ನೇ ನೋಡಿ. ಹಸು ಗಂಟೆಗಟ್ಟಲೆ ತಿಣುಕಬಹುದು, ಫೋನ್ ಮಾಡಿ ಕಾಯಲು ಸಮಯ ಇರುತ್ತದೆ. ಕುದುರೆ ಹನ್ನೊಂದು ತಿಂಗಳು ಹೊತ್ತು, ನೀರು ಒಡೆದ ಮೇಲೆ 20ರಿಂದ 30 ನಿಮಿಷದಲ್ಲಿ ಹೆತ್ತು ಮುಗಿಸುತ್ತದೆ. ಅರ್ಧ ಗಂಟೆ ದಾಟಿತು ಅಂದರೆ ಏನೋ ಕೆಟ್ಟಿದೆ ಅಂತಲೇ. ಮೊದಲು ಕಾಣುವ ಪೊರೆ ಬೆಳ್ಳಗೆ, ತುಸು ನೀಲಿಯಾಗಿ ಇರಬೇಕು. ಅದರ ಬದಲು ಮಖಮಲ್ಲಿನಂಥ ಕಡುಗೆಂಪು ಚೀಲ ಹೊರಬಂದರೆ, ಮರಿಗೆ ಉಸಿರು ಕೊಡುತ್ತಿದ್ದ ಮಾಸು ಆಗಲೇ ಬಿಟ್ಟುಕೊಂಡಿದೆ. ಆಗ ಯಾರಿಗೂ ಕಾಯುವಂತಿಲ್ಲ. ಚೀಲ ಹರಿದು ಮರಿಯನ್ನು ಹೊರತರಬೇಕು, ಅದೂ ಪಕ್ಕದಲ್ಲಿರುವವರೇ. ಫೋನಿನ ಆ ಕಡೆ ಕುದುರೆ ಬಲ್ಲವರು ಇದ್ದರೆ ಧೈರ್ಯ ಹೇಳಿ ಮಾಡಿಸುತ್ತಾರೆ. ಅದಕ್ಕೇ ಗಾಡಿಗಿಂತ ಮೊದಲು ಫೋನು ಮುಖ್ಯ ಅನ್ನುತ್ತೇನೆ.

ಹಾಗೆ ಫೋನ್ ಮಾಡುವಾಗ "ಕುದುರೆಗೆ ಹುಷಾರಿಲ್ಲ, ಬೇಗ ಬನ್ನಿ" ಅಂತಷ್ಟೇ ಹೇಳಿದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ದವಡೆ ಮೂಳೆಯ ಒಳ ಅಂಚಿನಲ್ಲಿ ಬಳಪದಷ್ಟು ದಪ್ಪದ ರಕ್ತನಾಳ ಬೆರಳಿಗೆ ಸಿಗುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಆರಾಮಾಗಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಹೊಟ್ಟೆನೋವಿನ ಕುದುರೆಯಲ್ಲಿ 60 ದಾಟಿದರೆ ವಿಷಯ ಗಂಭೀರ. ಒಸಡು ತಿಳಿ ಗುಲಾಬಿ, ಒದ್ದೆಯಾಗಿರಬೇಕು. ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಇಟ್ಟಿಗೆ ಕೆಂಪು ಅಥವಾ ನೇರಳೆ ಆಗಿದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ. ಪಕ್ಕೆಗೆ ಕಿವಿ ಇಟ್ಟು ಕೇಳಿ. ಗುಡುಗುಡು ಇದ್ದರೆ ಗಾಬರಿ ಬೇಡ, ಏನೂ ಕೇಳಿಸದಿದ್ದರೆ ಅದು ಜಾಸ್ತಿ ಕೆಟ್ಟದ್ದು. ಕೊನೆಯ ಲದ್ದಿ ಯಾವಾಗ ಹಾಕಿತು, ಏನು ತಿಂದಿತ್ತು, ಮೊದಲೇ ಯಾವುದಾದರೂ ಇಂಜೆಕ್ಷನ್ ಕೊಟ್ಟಿದ್ದೀರಾ, ಎಷ್ಟು ಹೊತ್ತಿಗೆ, ಇದನ್ನೂ ಮುಚ್ಚಿಡದೆ ಹೇಳಿ. ನೋವಿನ ಔಷಧಿ ಕೊಟ್ಟಿದ್ದರೆ ಕುದುರೆ ಸುಮ್ನೆ ನಿಂತಿರುತ್ತದೆ, ಒಳಗೆ ಕರುಳು ಸುತ್ತಿಕೊಂಡಿರುತ್ತದೆ. ಸುತ್ತಿಕೊಂಡ ಕರುಳಿಗೆ ಆಪರೇಷನ್ ಒಂದೇ ದಾರಿ, ಅದೂ ಕೆಲವೇ ಗಂಟೆಗಳೊಳಗೆ. ತುಮಕೂರಿನಿಂದ ಹೆಬ್ಬಾಳ ಸುಮಾರು 70 ಕಿಲೋಮೀಟರ್. ಕೋಲಾರದವರಿಗೂ ಹೆಚ್ಚು ಕಡಿಮೆ ಅಷ್ಟೇ. ನಾಡಿ ಎಣಿಸಿ ಹೇಳಿದ್ದರಿಂದ ಒಂದು ಗಂಟೆ ಮೊದಲೇ ಗಾಡಿ ಹತ್ತಿಸಿದರೆ ಆ ಒಂದು ಗಂಟೆಯಲ್ಲೇ ಜೀವ ಇರುತ್ತದೆ.

ಸಾಗಿಸಲು ನಮ್ಮಲ್ಲಿ ಸಿಗುವುದು ಸರಕಿನ ಟೆಂಪೊ. ತಗಡಿನ ತಳದಲ್ಲಿ ಲಾಳ ಜಾರುತ್ತದೆ. ಮರಳು ಹರಡಿ ಅದರ ಮೇಲೆ ಒದ್ದೆ ಗೋಣಿಚೀಲ ಹಾಸಬೇಕು. ಹಲಗೆ ಇಟ್ಟು ಹತ್ತಿಸುವ ಬದಲು ದಿಣ್ಣೆ ಹುಡುಕಿ, ಅದಕ್ಕೆ ಗಾಡಿಯ ಹಿಂಭಾಗ ಒತ್ತಿ ನಿಲ್ಲಿಸಿದರೆ ಕುದುರೆ ತಾನೇ ನಡೆದು ಹತ್ತುತ್ತದೆ. ನಮ್ಮ ಮಾವ ಹೇಳುತ್ತಿದ್ದ ಉಪಾಯ ಇದು.

ಚರಂಡಿಗೋ ಹಾಳು ಬಾವಿಗೋ ಬಿದ್ದರೆ ಅಗ್ನಿಶಾಮಕದವರನ್ನು ಕರೆಯುತ್ತೇವೆ, 112ಕ್ಕೆ. ದನ ಎತ್ತಿ ಅವರಿಗೆ ಅಭ್ಯಾಸ ಇದೆ. ಇಲ್ಲೂ ಕುದುರೆ ಬೇರೆ. ಹಸು ಏಳುವಾಗ ಮೊದಲು ಹಿಂಭಾಗ ಎತ್ತುತ್ತದೆ. ಕುದುರೆ ಮುಂಗಾಲು ಎರಡನ್ನೂ ಮುಂದೆ ಚಾಚಿ, ತಲೆ ಬೀಸಿ, ಆಮೇಲೆ ಹಿಂಭಾಗ ನೂಕುತ್ತದೆ. ಆದ್ದರಿಂದ ಅದರ ಮುಂದೆ ಜಾಗ ಬಿಡಬೇಕು, ಜನ ಮುಂದೆ ನಿಂತು ಹಗ್ಗ ಎಳೆಯಬಾರದು. ಕುತ್ತಿಗೆಗೆ, ಬಾಲಕ್ಕೆ, ಕಾಲಿಗೆ ಹಗ್ಗ ಬಿಗಿದು ಎಳೆದರೆ ಮುರಿಯುತ್ತದೆ. ಅಗ್ನಿಶಾಮಕದ ಅಗಲ ಪೈಪನ್ನೇ ಪಟ್ಟಿಯಂತೆ ಮುಂಗಾಲಿನ ಹಿಂದೆ ಒಂದು, ಹಿಂಗಾಲಿನ ಮುಂದೆ ಒಂದು ಸುತ್ತಿ ಮೈಯಿಂದ ಎತ್ತಬೇಕು. ಕಣ್ಣಿಗೆ ಟವಲ್ ಕಟ್ಟಿ. ಬೆನ್ನಿನ ಕಡೆಯಿಂದಲೇ ಹತ್ತಿರ ಹೋಗಿ, ಕಾಲಿನ ಕಡೆಯಿಂದ ಬೇಡ. ಸಾಕಿದವರು ಒಬ್ಬರೇ ಅದರ ಜೊತೆ ಮಾತಾಡುತ್ತಿರಲಿ, ಉಳಿದವರು ಸುಮ್ಮನಿರಲಿ. ಸುತ್ತ ನಿಂತು ಕೂಗುವ ಜನ ಬಾವಿಯಷ್ಟೇ ಅಪಾಯ.

ಬಿಸಿಲಿನ ಬಗ್ಗೆ ಒಂದೇ ಮಾತು. ಏಪ್ರಿಲ್ ಮಧ್ಯಾಹ್ನದ ಮೆರವಣಿಗೆಯಲ್ಲಿ ಕುದುರೆ ಏದುಸಿರು ಬಿಟ್ಟು ತೂರಾಡಿದರೆ ಮೈಮೇಲೆ ತಣ್ಣೀರು ಸುರಿಯುತ್ತಲೇ ಇರಿ. ಬಿಸಿ ಮೈಗೆ ತಣ್ಣೀರು ಬಿದ್ದರೆ ಕೈಕಾಲು ಹಿಡಿಯುತ್ತದೆ ಅಂತ ಹಳಬರು ಹೇಳುತ್ತಾರೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ ವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ ನೋಡಿದರು. ತಣ್ಣೀರಿನಿಂದ ತೊಂದರೆ ಇಲ್ಲ, ಜೀವ ಉಳಿಯುತ್ತದೆ.

ನನ್ನನ್ನು ಅತಿ ಹೆಚ್ಚು ಕಾಡುವುದು ಧನುರ್ವಾಯು. ಯಾಕೆಂದರೆ ಅದು ಬರಲೇಬೇಕಾಗಿಲ್ಲ. ಸಾಕುಪ್ರಾಣಿಗಳಲ್ಲಿ ಕುದುರೆಗೆ ಅದು ತಗಲುವಷ್ಟು ಸುಲಭವಾಗಿ ಇನ್ನೊಂದಕ್ಕೆ ತಗಲುವುದಿಲ್ಲ. ಅದರ ಸೂಕ್ಷ್ಮಾಣು ಮಣ್ಣಿನಲ್ಲಿರುತ್ತದೆ, ಲದ್ದಿಯಲ್ಲೂ ಇರುತ್ತದೆ. ಮದುವೆ ಕುದುರೆ ಓಡಾಡುವುದು ಎಲ್ಲಿ? ಶಾಮಿಯಾನ ಬಿಚ್ಚಿದ ಜಾಗದಲ್ಲಿ, ಮೊಳೆ ಚೆಲ್ಲಿದ ನೆಲದಲ್ಲಿ. ಗೊರಸಿನ ಅಡಿ ಚುಚ್ಚಿದ ಮೊಳೆಯ ತೂತು ಹೊರಗೆ ಕಾಣುವುದೇ ಇಲ್ಲ. ಒಂದೆರಡು ವಾರದಲ್ಲಿ ಕಿವಿ ಸೆಟೆಯುತ್ತದೆ. ಕಣ್ಣಿನ ಮೂಲೆಯ ಮೂರನೇ ರೆಪ್ಪೆ ಕಣ್ಣಿನ ಮೇಲೆ ಬರುತ್ತದೆ. ಬಾಲ ಎತ್ತಿ, ಕಾಲು ಅಗಲಿಸಿ, ಮರದ ಕುದುರೆಯ ಹಾಗೆ ನಿಲ್ಲುತ್ತದೆ. ಚಪ್ಪಾಳೆ ಸದ್ದಿಗೂ ಮೈಯೆಲ್ಲ ಬಿಗಿಯುತ್ತದೆ. ವಾಲಗ, ಪಟಾಕಿ ನಡುವೆ ದುಡಿದ ಪ್ರಾಣಿಯನ್ನು ಕೊನೆಗೆ ಕತ್ತಲೆ ಕೋಣೆಯಲ್ಲಿ ಕಿವಿಗೆ ಹತ್ತಿ ತುರುಕಿ ಇಡಬೇಕಾಗುತ್ತದೆ. ಅಲ್ಲಿಗೆ ತಲುಪಿದ ಮೇಲೆ ಉಳಿಯುವುದು ಕಡಿಮೆ. ಲಸಿಕೆ ಇದೆ. ಕೆಲವು ವಾರಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಕುದುರೆಯ ಮೇಲೆ ಹಾಕುವ ಒಂದು ಜರಿ ಬಟ್ಟೆಯ ಖರ್ಚೂ ಇದಕ್ಕೆ ಬರುವುದಿಲ್ಲ.

ಲಸಿಕೆ ಹಾಕಿಸಲು, ರಕ್ತ ಪರೀಕ್ಷೆ ಮಾಡಿಸಲು ಹಲವರು ಹಿಂಜರಿಯುವುದು ಗ್ಲ್ಯಾಂಡರ್ಸ್ ಭಯಕ್ಕೆ. ಮೂಗಿನಿಂದ ಸಿಂಬಳ, ಚರ್ಮದ ಮೇಲೆ ಗಂಟು, ಹುಣ್ಣು ಬರುವ ಆ ರೋಗ ಮನುಷ್ಯರಿಗೂ ಹರಡುತ್ತದೆ. ಹರಿಯಾಣದ ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರದ ಪರೀಕ್ಷೆಯಲ್ಲಿ ಖಚಿತವಾದರೆ 2009ರ ಕಾನೂನಿನ ಪ್ರಕಾರ ಆ ಕುದುರೆಯನ್ನು ಕೊಲ್ಲಲೇಬೇಕು. ಪರಿಹಾರ ಇದೆ. ಆದರೂ ಒಂದೇ ಕುದುರೆಯಿಂದ ಸಂಸಾರ ನಡೆಸುವವರಿಗೆ ರಕ್ತದ ಸೂಜಿ ಕಂಡರೆ ಎದೆ ನಡುಗುತ್ತದೆ. ಅವರನ್ನು ಬೈದು ಏನೂ ಉಪಯೋಗವಿಲ್ಲ. ವರ್ಷಕ್ಕೊಮ್ಮೆ ಬಂದು ಲಾಳ ನೋಡಿ, ಹಲ್ಲು ನೋಡಿ, ಲಸಿಕೆ ಹಾಕಿ, ಹೆಸರು ಹಿಡಿದು ಮಾತಾಡಿಸುವ ಡಾಕ್ಟರ್ ಹೇಳಿದರೆ ಅವರು ಪರೀಕ್ಷೆಗೂ ಒಪ್ಪುತ್ತಾರೆ. ಅಪರಿಚಿತರು ಬಂದು ಸೂಜಿ ತೆಗೆದರೆ ಕುದುರೆ ರಾತ್ರೋರಾತ್ರಿ ಬೇರೆ ಊರಿಗೆ ಹೋಗಿಬಿಡುತ್ತದೆ, ರೋಗ ಇದ್ದರೆ ಅದೂ ಜೊತೆಗೆ ಹೋಗುತ್ತದೆ.

ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಪಶುವೈದ್ಯರು ಹೇಗೂ ಅಲ್ಲಿರುತ್ತಾರೆ. ಅಲ್ಲೇ ಒಂದು ಮೂಲೆಯಲ್ಲಿ ಕುದುರೆಗಳಿಗೆ ಧನುರ್ವಾಯು ಲಸಿಕೆ, ಗೊರಸು ತಪಾಸಣೆ, ಸಾಕಿದವರಿಗೆ ನಾಡಿ ಎಣಿಸುವುದನ್ನು ಕಲಿಸುವ ಒಂದು ಗಂಟೆ ಇಟ್ಟರೆ ಸಾಕು. ಇದನ್ನು ಕೇಳಿ ಜಿಲ್ಲೆಯ ಪಶುಪಾಲನಾ ಇಲಾಖೆಗೆ ಅರ್ಜಿ ಬರೆಯುತ್ತಿದ್ದೇನೆ. ಜೊತೆಗೆ ಆ ಒಂದು ಗಾಡಿ, ಆ ನಳಿಕೆಯ ಮಾತೂ ಇರುತ್ತದೆ. ತುಮಕೂರು, ಕುಣಿಗಲ್, ಶಿರಾ, ತಿಪಟೂರು ಕಡೆ ಕುದುರೆ ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ನಿಮ್ಮ ಬೀದಿಯ ಸಾರೋಟಿನವರಿಗೆ ಓದಿ ಹೇಳಿದರೆ, ಸಹಿ ಹಾಕಲು ಬನ್ನಿ. ಕುದುರೆಯ ವಯಸ್ಸು, ಅದಕ್ಕೆ ಕೊನೆಯ ಲಸಿಕೆ ಹಾಕಿಸಿದ್ದು ಯಾವಾಗ, ಇಷ್ಟು ಬರೆದುಕೊಂಡು ಬಂದರೆ ಅರ್ಜಿಗೆ ಬಲ ಬರುತ್ತದೆ. ಲಸಿಕೆ ಹಾಕಿಸಿಯೇ ಇಲ್ಲ ಅಂದರೆ ಅದನ್ನೂ ಹಾಗೇ ಬರೆಯಿರಿ.